ಸಾವ್ತಾ ಕ್ಷಮೆ ಕೇಳಿದಾಗ ‘ಏನಿಲ್ಲ ಬಿಡಿ’ ಅಂದುಬಿಟ್ಟೆ, ತಪ್ಪಾಯಿತೇ?

ಪ್ರಶ್ನೆ: ನಾನು ಉಡುಪಿ ಕಡೆಯವಳು, ಕ್ಯಾಥೊಲಿಕ್ ಕುಟುಂಬ. ನಾಲ್ಕು ವರ್ಷದಿಂದ ಇಸ್ರೇಲಿನ ಹೈಫಾದಲ್ಲಿ ವಯಸ್ಸಾದ ಯೆಹೂದಿ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದೇನೆ. ಮೊಮ್ಮಕ್ಕಳು ಕರೆಯುವ ಹಾಗೆ ನಾನೂ ಅವರನ್ನು ಸಾವ್ತಾ ಅನ್ನುತ್ತೇನೆ, ಹೀಬ್ರೂವಿನಲ್ಲಿ ಅಜ್ಜಿ ಅಂತ. ಹೋದ ವರ್ಷ ಚಳಿಗಾಲದಲ್ಲಿ ಅವರ ಉಂಗುರ ಕಾಣೆಯಾಯಿತು. ನಾನೇ ತೆಗೆದಿರಬೇಕು ಅಂತ ಮಗನ ಮುಂದೆ ಹೇಳಿಬಿಟ್ಟರು. ಮೂರನೆಯ ದಿನ ಅದು ಅವರ ಮಾತ್ರೆ ಡಬ್ಬಿಯಲ್ಲೇ ಸಿಕ್ಕಿತು. ಅಲ್ಲಿಂದಾಚೆ ಯಾರೂ ಆ ಮಾತೆತ್ತಲಿಲ್ಲ. ಆಮೇಲೆ ಯೋಮ್ ಕಿಪ್ಪುರ್ ಬಂತು, ಇವರು ಉಪವಾಸವಿದ್ದು ಕ್ಷಮೆ ಬೇಡುವ ದಿನ. ಹಿಂದಿನ ಮಧ್ಯಾಹ್ನ ಸಾವ್ತಾ ನನ್ನನ್ನು ಎದುರಿಗೆ ಕೂರಿಸಿಕೊಂಡು, ಎರಡೂ ಕೈ ಹಿಡಿದು, ‘ತಿಳಿದೋ ತಿಳಿಯದೆಯೋ ನಿನ್ನ ಮನಸ್ಸು ನೋಯಿಸಿದ್ದರೆ ಕ್ಷಮಿಸು’ ಅಂದರು. ನನಗೆ ಗಾಬರಿಯಾಗಿ ‘ಅಯ್ಯೋ, ಏನಿಲ್ಲ ಬಿಡಿ’ ಅಂತ ನಕ್ಕು ಎದ್ದುಬಿಟ್ಟೆ. ಅವರ ಮುಖ ಸಪ್ಪಗಾಯಿತು. ಸಂಜೆ ಮೊಮ್ಮಕ್ಕಳ ತಲೆ ಮೇಲೆ ಕೈಯಿಟ್ಟು ಏನೋ ಹೇಳಿದವರು, ನನ್ನನ್ನೂ ಕರೆದು ಹಾಗೇ ಮಾಡಿದರು.

ದೇವರು ಕ್ಷಮಿಸುವ ದಿನ ಅಂತಾರೆ, ಹಾಗಿದ್ದರೆ ನನ್ನ ಹತ್ತಿರ ಯಾಕೆ ಕೇಳಿದರು? ನಮ್ಮಲ್ಲಿ ಪಾದ್ರಿಗಳ ಬಳಿ ಪಾಪನಿವೇದನೆ ಮಾಡುವ ಹಾಗೆ ಇವರಲ್ಲೂ ಇದೆಯೇ? ದಿನಕ್ಕೆ ಮೂರು ಸಲ ಪುಸ್ತಕ ಹಿಡಿದು ತುಟಿ ಮಾತ್ರ ಆಡಿಸುತ್ತಾರೆ, ಅದೇನು? ಇಷ್ಟು ವರ್ಷದಲ್ಲಿ ‘ನಮ್ಮ ಧರ್ಮಕ್ಕೆ ಬಾ’ ಅಂತ ಒಬ್ಬರೂ ಕರೆದಿಲ್ಲ, ನಾವು ಬೇಡವೇ? ಇನ್ನೊಂದು: ಅವರ ಮೊಮ್ಮಗನ ಹೆಂಡತಿ ಮತಾಂತರವಾಗಿ ಬಂದವಳಂತೆ. ಒಂದು ಶುಕ್ರವಾರದ ಊಟಕ್ಕೆ ಎಲ್ಲರೂ ಕೂತಿದ್ದಾಗ ‘ಮೊದಲು ನೀವು ಯಾವ ಧರ್ಮ?’ ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ನಾನೇನು ಮಾಡಿದೆ?

ಉತ್ತರ: ನೀವು ‘ಏನಿಲ್ಲ ಬಿಡಿ’ ಅಂದದ್ದು ಒಳ್ಳೆಯ ಮನಸ್ಸಿನಿಂದಲೇ. ನಮ್ಮ ಕಡೆ ಹಿರಿಯರು ಕಿರಿಯರ ಬಳಿ ಬಾಯಿಬಿಟ್ಟು ಕ್ಷಮೆ ಕೇಳುವ ರೂಢಿ ಕಡಿಮೆ. ಬೆಳಿಗ್ಗೆ ರೇಗಾಡಿದ ಅತ್ತೆ ಸಂಜೆ ಸೊಸೆಯ ತಟ್ಟೆಗೆ ಕೇಳದೆಯೇ ಇನ್ನೊಂದು ತುಂಡು ಮೀನು ಹಾಕುತ್ತಾಳೆ, ಇಬ್ಬರಿಗೂ ಅರ್ಥವಾಗುತ್ತದೆ, ಅಲ್ಲಿಗೆ ಮುಗಿಯಿತು. ಹಾಗಾಗಿ ಹಿರಿಯ ಜೀವವೊಂದು ಕೈ ಹಿಡಿದು ‘ಕ್ಷಮಿಸು’ ಅಂದಾಗ ನಮಗೆ ಕೂತಲ್ಲಿ ಕೂರಲಾಗುವುದಿಲ್ಲ. ಆದರೆ ಸಾವ್ತಾ ಅಂದು ಕೇಳಿದ್ದು ನಿಮ್ಮ ಹತ್ತಿರ ಮಾತ್ರ ಇದ್ದ ಒಂದು ವಸ್ತುವನ್ನು. ಅದು ಸಿಗದೆಯೇ ಅವರು ಉಪವಾಸಕ್ಕೆ ಕೂರಬೇಕಾಯಿತು. ಮುಖ ಸಪ್ಪಗಾದದ್ದು ಅದಕ್ಕೇ ಇರಬೇಕು.

ಮಿಶ್ನಾ ಎಂಬುದು ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿಸಿದ ಯೆಹೂದಿ ಧರ್ಮನಿಯಮಗಳ ಸಂಗ್ರಹ. ಅದರಲ್ಲಿ ಯೋಮ್ ಕಿಪ್ಪುರ್ ಕುರಿತೇ ‘ಯೋಮಾ’ ಎಂಬ ಭಾಗವಿದೆ. ಅದು ಕೊನೆಗೊಳ್ಳುವ ಹೊತ್ತಿಗೆ ಬರುವ ಮಾತು ಇದು: ಮನುಷ್ಯನಿಗೂ ದೇವರಿಗೂ ನಡುವಿನ ತಪ್ಪುಗಳನ್ನು ಯೋಮ್ ಕಿಪ್ಪುರ್ ಕಳೆಯುತ್ತದೆ, ಮನುಷ್ಯನಿಗೂ ಮನುಷ್ಯನಿಗೂ ನಡುವಿನ ತಪ್ಪನ್ನು, ನೊಂದವನನ್ನು ಸಮಾಧಾನ ಮಾಡುವ ತನಕ, ಅದು ಕಳೆಯುವುದಿಲ್ಲ. ವಾರದ ವಿಶ್ರಾಂತಿ ದಿನವಾದ ಸಬ್ಬತ್ ಮುರಿದದ್ದು, ತಿನ್ನಬಾರದ್ದು ತಿಂದದ್ದು ದೇವರ ಲೆಕ್ಕ. ಉಂಗುರದ ಮಾತು ನಿಮ್ಮ ಲೆಕ್ಕ. 25 ಗಂಟೆ ಅನ್ನ ನೀರು ಬಿಟ್ಟು ಅತ್ತು ಕರೆದರೂ, ನಿಮ್ಮ ಪರವಾಗಿ ಕ್ಷಮಿಸುವ ಅಧಿಕಾರವನ್ನು ದೇವರು ತನ್ನ ಹತ್ತಿರ ಇಟ್ಟುಕೊಂಡಿಲ್ಲ. ಈ ಧರ್ಮದ ಗ್ರಂಥಗಳನ್ನು ಬಹಳ ವರ್ಷ ಓದಿದ್ದೇನೆ, ಪಾಠ ಹೇಳಿದ್ದೇನೆ. ಇದಕ್ಕಿಂತ ಗಟ್ಟಿಯಾದ ಮಾತು ಅದರಲ್ಲಿ ನನಗೆ ಸಿಕ್ಕಿಲ್ಲ.

ಹೊಸ ವರ್ಷವಾದ ರೋಶ್ ಹಶಾನಾದಿಂದ ಯೋಮ್ ಕಿಪ್ಪುರ್‌ವರೆಗಿನ ಹತ್ತು ದಿನ ಈ ಲೆಕ್ಕ ತೀರಿಸಿಕೊಳ್ಳಲೆಂದೇ ಇರುವಂಥವು. ಜನ ಫೋನ್ ಮಾಡುತ್ತಾರೆ, ಮನೆಗೆ ಹೋಗುತ್ತಾರೆ, ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಬಾಗಿಲು ತಟ್ಟುತ್ತಾರೆ. ನೀವು ಕರಾವಳಿಯವರು, ಮೂಡುಬಿದಿರೆ ಕಾರ್ಕಳದ ಜೈನರ ಮನೆಗಳ ಪರಿಚಯವಿದ್ದರೆ ಇದು ಹೊಸದೆನಿಸುವುದಿಲ್ಲ. ದಶಲಕ್ಷಣ ಪರ್ವದ ಹತ್ತು ದಿನ ಮುಗಿದ ಮೇಲೆ ಅವರು ಕ್ಷಮಾವಣಿಯಂದು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಎರಡೂ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೇ ಬರುತ್ತವೆ. ಒಂದರಿಂದ ಇನ್ನೊಂದು ಬಂತು ಅಂತಲ್ಲ. ಆದರೆ ನೆರೆಮನೆಯಲ್ಲಿ ಕಂಡದ್ದು ದೂರದ್ದನ್ನು ಅರ್ಥ ಮಾಡಿಕೊಳ್ಳಲು ಆಸರೆಯಾಗುತ್ತದೆ.

ಈ ಇಡೀ ವಿಷಯಕ್ಕೆ ಹೀಬ್ರೂ ಹೆಸರು ‘ತೆಶುವಾ’. ನಾವು ಅದನ್ನು ಪಶ್ಚಾತ್ತಾಪ ಅನ್ನುತ್ತೇವೆ, ಬೇರೆ ದಾರಿಯಿಲ್ಲ. ಆದರೆ ಪಶ್ಚಾತ್ತಾಪ ಅಂದರೆ ಆಮೇಲಿನ ಬೇಗೆ, ಮನಸ್ಸಿನೊಳಗೆ ಸುಡುವುದು. ತೆಶುವಾ ಅಂದರೆ ಮರಳುವುದು, ಕಾಲಿನಿಂದ ಮಾಡುವ ಕೆಲಸ. ಬೆಂದರೆ ಸಾಲದು, ತಿರುಗಿ ನಡೆಯಬೇಕು. ಅದೇ ಶಬ್ದಕ್ಕೆ ‘ಉತ್ತರ’ ಎಂಬ ಅರ್ಥವೂ ಇದೆ, ನೀವು ದಿನಾ ಕೇಳುವ ಹೀಬ್ರೂವಿನಲ್ಲೂ ಪ್ರಶ್ನೆಯ ಉತ್ತರ ‘ತೆಶುವಾ’ನೇ. ಇನ್ನು ಪಾಪಕ್ಕೆ ಅವರು ಬಳಸುವ ‘ಖೇತ್’ ಎಂಬ ಪದದ ಬೇರು ನೋಡಿ. ಕವಣೆ ಬೀಸುವವನ ಕಲ್ಲು ಗುರಿಯಿಂದ ಆಚೀಚೆ ಹೋಗುವುದಕ್ಕೂ ಬೈಬಲಿನಲ್ಲಿ ಅದೇ ಕ್ರಿಯಾಪದವಿದೆ. ಇದನ್ನು ಕನ್ನಡಿಗರಿಗೆ ವಿವರಿಸಬೇಕಾದ್ದೇ ಇಲ್ಲ. ಗುರಿ ತಪ್ಪಿತು, ದಾರಿ ತಪ್ಪಿತು, ಲೆಕ್ಕ ತಪ್ಪಿತು ಅನ್ನುತ್ತೇವೆ. ಮಾಡಿದ್ದು ತಪ್ಪು ಅಂತಲೂ ಅನ್ನುತ್ತೇವೆ. ಖೇತ್ ಅಂದರೆ ನಮ್ಮ ‘ತಪ್ಪು’. ಹುಟ್ಟಿನಿಂದಲೇ ಅಂಟಿಕೊಂಡು ಬಂದ ಆದಿಪಾಪದ ಕಲ್ಪನೆ, ನಿಮ್ಮ ಚರ್ಚಿನಲ್ಲಿ ಕಲಿಸುವಂಥದ್ದು, ಯೆಹೂದಿಗಳಲ್ಲಿ ಇಲ್ಲ. ಮಗು ಶುದ್ಧವಾಗಿಯೇ ಹುಟ್ಟುತ್ತದೆ. ಒಳ್ಳೆಯದರ ಸೆಳೆತ, ಕೆಟ್ಟದ್ದರ ಸೆಳೆತ ಎರಡೂ ಅದರೊಳಗಿರುತ್ತವೆ. ದಾರಿ ತಪ್ಪಿದವನು ದಾರಿಗೆ ಮರಳಬಹುದು, ಅಷ್ಟೇ.

ಪಾಪನಿವೇದನೆ ಅವರಲ್ಲೂ ಇದೆ, ‘ವಿದ್ದುಯಿ’ ಎಂದು ಹೆಸರು. ಕೇಳಿಸಿಕೊಳ್ಳಲು ನಡುವೆ ಗುರುಗಳು ಇರುವುದಿಲ್ಲ; ರಬ್ಬಿಗೆ ಪಾಪ ಕ್ಷಮಿಸುವ ಅಧಿಕಾರವಿಲ್ಲ, ಅವರು ನಿಯಮ ಬಲ್ಲ ಪಂಡಿತರು ಮಾತ್ರ. ಪ್ರತಿಯೊಬ್ಬರೂ ನಿಂತು, ತಲೆ ಬಾಗಿಸಿ, ಮುಷ್ಟಿಯಿಂದ ಎದೆಯನ್ನು ಮೆಲ್ಲಗೆ ತಟ್ಟುತ್ತಾ ನೇರವಾಗಿ ದೇವರಿಗೆ ಹೇಳಿಕೊಳ್ಳುತ್ತಾರೆ. ಅದರಲ್ಲಿ ‘ಅಶಮ್ನು’ ಎಂಬ ಭಾಗ ಹೀಬ್ರೂ ವರ್ಣಮಾಲೆಯ ಕ್ರಮದಲ್ಲಿ ಸಾಗುತ್ತದೆ, ನಮ್ಮಲ್ಲಿ ಅ-ದಿಂದ ಳ-ವರೆಗೆ ಒಂದೊಂದು ಅಕ್ಷರಕ್ಕೆ ಒಂದೊಂದು ತಪ್ಪು ಹೇಳಿದ ಹಾಗೆ. ಗಮನಿಸಬೇಕಾದ್ದು ಎಂದರೆ ಎಲ್ಲವೂ ಬಹುವಚನ. ‘ನಾವು ಅಪರಾಧ ಮಾಡಿದ್ದೇವೆ, ನಾವು ಮೋಸ ಮಾಡಿದ್ದೇವೆ, ನಾವು ಕದ್ದಿದ್ದೇವೆ.’ ಜೀವಮಾನದಲ್ಲಿ ಸೂಜಿಯನ್ನೂ ಕದಿಯದ ಮುದುಕಿಯೂ ‘ಕದ್ದಿದ್ದೇವೆ’ ಅನ್ನುತ್ತಾಳೆ, ಪಕ್ಕದಲ್ಲಿ ನಿಜವಾಗಿ ಕದ್ದವನು ನಿಂತಿದ್ದರೆ ಅವನ ಜೊತೆ ಸೇರಿ ಅನ್ನುತ್ತಾಳೆ. ಮುಂದೆ ಬರುವ ‘ಅಲ್ ಖೇತ್’ ಎಂಬ ಉದ್ದನೆಯ ಪಟ್ಟಿಯಲ್ಲಿ ಎಷ್ಟೊಂದು ಸಾಲುಗಳು ನಾಲಿಗೆಯ ತಪ್ಪುಗಳಿಗೇ ಮೀಸಲು: ಹಗುರ ಮಾತು, ಚಾಡಿ, ಸುಳ್ಳು.

ಇದನ್ನೆಲ್ಲ ಕ್ರಮಬದ್ಧವಾಗಿ ಬರೆದಿಟ್ಟವರು ಮೈಮೊನಿಡೀಸ್. ಯೆಹೂದಿಗಳು ಪ್ರೀತಿಯಿಂದ ರಾಂಬಾಮ್ ಅನ್ನುತ್ತಾರೆ. ಸ್ಪೇನಿನ ಕಾರ್ಡೋವಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ವೈದ್ಯರಾಗಿದ್ದು, 1204ರಲ್ಲಿ ತೀರಿಕೊಂಡವರು. ‘ಮಿಶ್ನೆ ತೋರಾ’ ಎಂಬ ಅವರ ಮಹಾಗ್ರಂಥದಲ್ಲಿ ತೆಶುವಾಕ್ಕೆಂದೇ ಹತ್ತು ಅಧ್ಯಾಯಗಳಿವೆ. ತಪ್ಪನ್ನು ಬಿಡಬೇಕು, ಮನಸ್ಸಿನಿಂದಲೂ ತೆಗೆಯಬೇಕು, ಇನ್ನು ಮಾಡುವುದಿಲ್ಲವೆಂದು ನಿಶ್ಚಯಿಸಬೇಕು, ಮರುಗಬೇಕು, ಬಾಯಿಬಿಟ್ಟು ಹೇಳಬೇಕು. ಬಿಡದೆ ಬರೀ ಬಾಯಲ್ಲಿ ಹೇಳುವವನನ್ನು ಅವರು ತಾಲ್ಮುದಿನ, ಅಂದರೆ ಮಿಶ್ನಾದ ಮೇಲೆ ಪಂಡಿತರು ನಡೆಸಿದ ಚರ್ಚೆಗಳ ಸಂಗ್ರಹದ, ಒಂದು ಹೋಲಿಕೆಯಿಂದ ವರ್ಣಿಸುತ್ತಾರೆ: ಶುದ್ಧಿಯ ಕೊಳದಲ್ಲಿ ಮುಳುಗೆದ್ದರೂ ಕೈಯಲ್ಲಿ ಸತ್ತ ಹಲ್ಲಿಯಂಥ ಅಶುದ್ಧ ಹುಳವನ್ನು ಹಿಡಿದೇ ಇದ್ದಾನೆ. ಹುಳ ಬಿಸಾಡುವ ತನಕ ಎಷ್ಟು ಮುಳುಗಿದರೂ ಅಷ್ಟೇ. ಪೂರ್ಣ ತೆಶುವಾ ಆಯಿತೆಂದು ತಿಳಿಯುವುದು ಹೇಗೆ? ಅದೇ ಸಂದರ್ಭ ಮತ್ತೆ ಬರಬೇಕು, ಮತ್ತೆ ಮಾಡುವ ಶಕ್ತಿಯೂ ಇರಬೇಕು, ಆಗ ಮಾಡದೆ ಉಳಿಯಬೇಕು. ಸಾವ್ತಾ ವಿಷಯದಲ್ಲಿ ಹೇಳುವುದಾದರೆ, ನಾಳೆ ಓಲೆ ಕಾಣೆಯಾದಾಗ ಅವರು ಮೊದಲು ಮಾತ್ರೆ ಡಬ್ಬಿ ತೆರೆದು ನೋಡಬೇಕು.

ನೊಂದವರು ಕ್ಷಮಿಸದಿದ್ದರೆ? ಮೂವರನ್ನು ಜೊತೆಗೆ ಕರೆದುಕೊಂಡು ಹೋಗಿ ಬೇಡಬೇಕು. ಹಾಗೆ ಮೂರು ಸಲ. ಆಮೇಲೂ ಒಪ್ಪದಿದ್ದರೆ ತಪ್ಪು ಕೇಳಿದವನದಲ್ಲ, ಬಿಗಿಹಿಡಿದವನದು. ನೊಂದವನು ಗುರುವಾಗಿದ್ದರೆ ಮಾತ್ರ ಸಾವಿರ ಸಲವಾದರೂ ಹೋಗಬೇಕು. ತಾಲ್ಮುದಿನ ದೊಡ್ಡ ಪಂಡಿತ ರಾವ್ ಒಮ್ಮೆ ತನ್ನ ಗುರು ರಬ್ಬಿ ಹನೀನಾರ ಮನಸ್ಸು ನೋಯಿಸಿದ. ಅದೂ ದೊಡ್ಡದೇನಲ್ಲ. ಪಾಠ ನಡೆಯುತ್ತಿದ್ದಾಗ ತಡವಾಗಿ ಬಂದ ಒಬ್ಬೊಬ್ಬರಿಗೂ ಮೊದಲಿನಿಂದ ಓದಿದವನು, ಹನೀನಾ ಬಂದಾಗ ‘ಎಷ್ಟು ಸಲ ಹಿಂದಕ್ಕೆ ಹೋಗಲಿ’ ಎಂದು ಮುಂದುವರಿಸಿದ. ಹದಿಮೂರು ವರ್ಷ, ಪ್ರತಿ ಯೋಮ್ ಕಿಪ್ಪುರ್ ಮುನ್ನಾದಿನ, ರಾವ್ ಹೋಗಿ ಕ್ಷಮೆ ಕೇಳಿದ. ಸಿಗಲಿಲ್ಲ. ಆದರೂ ಹೋದ. ಈ ಕಥೆ ಪಾಠ ಮಾಡುವಾಗಲೆಲ್ಲ ಆ ಹದಿಮೂರನೆಯ ವರ್ಷ ಅವನು ಚಪ್ಪಲಿ ಮೆಟ್ಟಿ ಹೊರಟ ಗಳಿಗೆಯನ್ನೇ ನಾನು ನೆನೆಯುತ್ತೇನೆ.

ನೊಂದವರು ತೀರಿಕೊಂಡಿದ್ದರೂ ದಾರಿಯಿದೆ. ಹತ್ತು ಜನರನ್ನು ಕರೆದೊಯ್ದು ಸಮಾಧಿಯ ಮುಂದೆ ನಿಂತು, ಇಂಥದ್ದು ಮಾಡಿದೆ ಎಂದು ಹೆಸರಿಸಿ ಹೇಳಬೇಕು. ಹಣ ಕೊಡಬೇಕಿದ್ದರೆ ವಾರಸುದಾರರಿಗೆ ಕೊಡಬೇಕು. ಇಷ್ಟು ಕಟ್ಟುನಿಟ್ಟಿನ ನಡುವೆಯೂ ಮರಳುವವನಿಗೆ ದಾರಿ ಮುಚ್ಚಬಾರದೆಂಬ ಕಾಳಜಿ ಇದೆ. ಕದ್ದ ತೊಲೆಯನ್ನು ಒಬ್ಬ ತನ್ನ ಮನೆಗೆ ಹಾಕಿ ಕಟ್ಟಿಬಿಟ್ಟಿದ್ದಾನೆ, ಈಗ ಮನಸ್ಸು ಬದಲಾಗಿದೆ. ಮನೆ ಕೆಡವಿ ಅದೇ ತೊಲೆ ಕೊಡಬೇಕೇ? ಬೇಡ, ಅದರ ಬೆಲೆ ಕೊಟ್ಟರೆ ಸಾಕು ಎಂದು ಮಿಶ್ನಾ ತೀರ್ಪು ಕೊಟ್ಟಿತು. ಮನೆ ಕೆಡವಬೇಕೆಂದರೆ ಯಾರೂ ಮರಳುವುದಿಲ್ಲ.

ಈಗ ಸಾವ್ತಾರ ತುಟಿಯ ವಿಷಯ. ಅವರ ಕೈಯಲ್ಲಿರುವ ಪುಸ್ತಕ ಸಿದ್ದೂರ್, ನಿತ್ಯಪ್ರಾರ್ಥನೆಯ ಪುಸ್ತಕ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತಿನ ಪ್ರಾರ್ಥನೆಯ ತಿರುಳು ‘ಅಮಿದಾ’, ಎಂದರೆ ನಿಂತು ಹೇಳುವುದು. ಜೆರುಸಲೇಮಿನ ಕಡೆ ಮುಖ ಮಾಡಿ, ಕಾಲು ಜೋಡಿಸಿ ಹೇಳುತ್ತಾರೆ. ‘ಹದಿನೆಂಟು’ ಎಂದೇ ಅದಕ್ಕೆ ಹಳೆಯ ಹೆಸರು, ಈಗ ಎಣಿಸಿದರೆ 19 ಭಾಗಗಳಿವೆ. ಐದನೆಯದು ‘ನಮ್ಮನ್ನು ನಿನ್ನೆಡೆಗೆ ಮರಳಿಸು’ ಅಂತ, ಆರನೆಯದು ‘ನಮ್ಮನ್ನು ಕ್ಷಮಿಸು’ ಅಂತ. ಅಲ್ಲಿ ಅವರು ಎದೆ ತಟ್ಟಿಕೊಳ್ಳುವುದನ್ನು ನೀವು ನೋಡಿರಬಹುದು. ಅಂದರೆ ತೆಶುವಾ ವರ್ಷಕ್ಕೊಮ್ಮೆ ಬರುವ ಹಬ್ಬವಷ್ಟೇ ಆಗಿಲ್ಲ, ವಾರದ ದಿನಗಳಲ್ಲಿ ಹೊತ್ತುಹೊತ್ತಿಗೂ ಬರುತ್ತದೆ. ಮಲಗುವ ಮುಂಚೆ ‘ಇಸ್ರಾಯೇಲೇ ಕೇಳು, ನಮ್ಮ ದೇವರಾದ ಕರ್ತನು ಒಬ್ಬನೇ’ ಎಂಬ ‘ಶ್ಮಾ’ ಹೇಳುವಾಗ, ಅನೇಕರು ಅದಕ್ಕೂ ಮೊದಲು ಇನ್ನೊಂದು ಮಾತು ಸೇರಿಸುತ್ತಾರೆ: ಇಂದು ನನ್ನನ್ನು ಸಿಟ್ಟಿಗೆಬ್ಬಿಸಿದವರನ್ನೆಲ್ಲ ನಾನು ಕ್ಷಮಿಸಿದ್ದೇನೆ, ನನ್ನಿಂದಾಗಿ ಯಾರಿಗೂ ಶಿಕ್ಷೆಯಾಗದಿರಲಿ. ಬಾಗಿಲ ಚೌಕಟ್ಟಿನ ಮೇಲೆ ಓರೆಯಾಗಿ ಹೊಡೆದಿರುವ ಪುಟ್ಟ ಡಬ್ಬಿ, ಮೆಜೂಜಾ, ಅದರೊಳಗೆ ಇರುವುದೂ ಕೈಬರಹದ ಅದೇ ಶ್ಮಾ.

ದನಿ ಏಕಿಲ್ಲ? ಇದಕ್ಕೆ ಮೂಲ ನಿಮಗೆ ಗೊತ್ತಿರುವ ಕಥೆಯೇ, ಶಮುವೇಲನ ಮೊದಲ ಗ್ರಂಥದ ಹನ್ನಳದು. ಮಕ್ಕಳಿಲ್ಲದ ಹನ್ನಳು ಶೀಲೋವಿನ ದೇವಾಲಯದಲ್ಲಿ ಅಳುತ್ತಾ ಬೇಡಿಕೊಳ್ಳುತ್ತಾಳೆ. ತುಟಿ ಅಲ್ಲಾಡುತ್ತದೆ, ದನಿ ಕೇಳುವುದಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆಂದು ತಿಳಿದು ಗದರುತ್ತಾನೆ. ‘ಇಲ್ಲ ಸ್ವಾಮಿ, ನಾನು ಮನಸ್ಸು ನೊಂದವಳು’ ಅನ್ನುತ್ತಾಳೆ. ಅಮಿದಾವನ್ನು ಹೀಗೆ ತುಟಿಯಲ್ಲೇ ಹೇಳಬೇಕೆಂಬುದನ್ನು ತಾಲ್ಮುದಿನವರು ಈ ಹೆಂಗಸಿನಿಂದ ಕಲಿತರು. ಪಂಡಿತರೆಲ್ಲರ ಪ್ರಾರ್ಥನೆಗೆ ಮಾದರಿ ಒಬ್ಬ ನೊಂದ ಹೆಂಗಸು.

ಆದರೆ ಅದೇ ಪುಟದಲ್ಲಿ ಅವರು ಏಲಿಯಿಂದಲೂ ಒಂದು ನಿಯಮ ಕಲಿತರು. ಹನ್ನಳ ಮಾತು ಕೇಳಿದ ಮೇಲೆ ಏಲಿ ‘ಸಮಾಧಾನದಿಂದ ಹೋಗು, ದೇವರು ನಿನ್ನ ಬೇಡಿಕೆ ನೆರವೇರಿಸಲಿ’ ಅನ್ನುತ್ತಾನಲ್ಲ, ಅದರಿಂದ ಹೊರಟ ನಿಯಮ ಇದು: ನಿರಪರಾಧಿಯನ್ನು ಅನುಮಾನಿಸಿದವನು ಅವರನ್ನು ಸಮಾಧಾನಪಡಿಸಬೇಕು. ಅಷ್ಟೇ ಅಲ್ಲ, ಹರಸಬೇಕು.

ಈಗ ನಿಮ್ಮ ತಲೆಯ ಮೇಲೆ ಸಾವ್ತಾ ಇಟ್ಟ ಕೈಗಳನ್ನು ನೆನೆಸಿಕೊಳ್ಳಿ. ಯೋಮ್ ಕಿಪ್ಪುರ್ ಸಂಜೆ ಮಕ್ಕಳು ಮೊಮ್ಮಕ್ಕಳನ್ನು ಹಾಗೆ ಹರಸುವುದು ಮನೆಮನೆಯ ಪದ್ಧತಿ, ನಿಮ್ಮನ್ನೂ ಮನೆಯ ಮಗಳೆಂದು ಕರೆದಿರಬಹುದು. ಆ ನಿಯಮ ಅವರಿಗೆ ಗೊತ್ತಿದ್ದು ಮಾಡಿದರೋ, ಅವರ ತಾಯಿ ಮಾಡಿದ್ದನ್ನು ನೋಡಿ ಕೈಗೆ ತಾನಾಗಿ ಬಂದದ್ದೋ, ಇಷ್ಟು ದೂರದಿಂದ ನಾನು ಹೇಳಲಾರೆ. ನೀವು ಎದ್ದು ಹೋದ ಮೇಲೂ ಅವರು ನಿಮ್ಮನ್ನು ಕರೆದರು ಎಂಬುದಂತೂ ನಿಜ.

ಹಾಗೆಂದು ನೀವು ಕ್ಷಮಿಸಲೇಬೇಕು ಎಂದು ನಾನು ಒತ್ತಾಯಿಸುವುದಿಲ್ಲ, ಅವರ ನಿಯಮವೂ ಒತ್ತಾಯಿಸುವುದಿಲ್ಲ. ಸುಳ್ಳು ಅಪವಾದ ಹೊರಿಸಿ ಹೆಸರು ಕೆಡಿಸಿದವರನ್ನು ಕ್ಷಮಿಸುವ ಕಡ್ಡಾಯವಿಲ್ಲ ಎಂದು ಧರ್ಮನಿಯಮಕಾರರು ಬರೆದಿದ್ದಾರೆ, ಏಕೆಂದರೆ ಅಪವಾದ ಕೇಳಿದವರೆಲ್ಲ ಕ್ಷಮೆಯನ್ನೂ ಕೇಳಿರುವುದಿಲ್ಲ. ಮನೆಕೆಲಸಕ್ಕೆಂದು ದೂರದೇಶಕ್ಕೆ ಬಂದ ಹೆಂಗಸಿಗೆ ‘ಕಳ್ಳಿ’ ಎಂಬ ಮಾತು ಎಷ್ಟು ಭಾರವೆಂದು ನನಗೆ ಗೊತ್ತು. ವೀಸಾ, ಸಂಬಳ, ಮುಂದಿನ ಮನೆಯ ಕೆಲಸ ಎಲ್ಲ ಆ ಒಂದು ಮಾತಿಗೆ ತೂಗಿಕೊಂಡಿರುತ್ತವೆ. ನಿಮ್ಮ ನೋವು ಸಣ್ಣದಲ್ಲ. ‘ಏನಿಲ್ಲ ಬಿಡಿ’ ಅಂದರೂ ನನಗೆ ಪತ್ರ ಬರೆದಿರಿ, ಹಾಗಾದರೆ ಏನೋ ಇತ್ತು. ಕ್ಷಮೆ ಕೇಳುವಾಗ ಯಾವ ತಪ್ಪಿಗೆಂದು ಹೆಸರಿಸಿ ಕೇಳಬೇಕು, ಹೆಸರಿಸಿದರೆ ಎದುರಿನವರಿಗೇ ನಾಚಿಕೆಯಾಗುವಂತಿದ್ದರೆ ಮಾತ್ರ ಬೇಡ ಎಂದೂ ನಿಯಮವಿದೆ. ‘ತಿಳಿದೋ ತಿಳಿಯದೆಯೋ’ ಎಂಬುದು ಸಂಪ್ರದಾಯದ ಮಾತು, ಅದು ಉಂಗುರದವರೆಗೆ ತಲುಪಿತೋ ಇಲ್ಲವೋ. ಈ ಸಲ ನೀವೇ ತಲುಪಿಸಿ. ‘ಸಾವ್ತಾ, ಉಂಗುರದ ವಿಷಯ ನನಗೆ ಬಹಳ ನೋವಾಗಿತ್ತು’ ಅಂತ ಮೊದಲು ಹೇಳಿ. ಅವರು ಕೇಳಿದರೆ, ಮನಸ್ಸಿದ್ದರೆ, ‘ಅನಿ ಸೊಲಖತ್ ಲಾಖ್’ ಅನ್ನಿ, ‘ನಿಮ್ಮನ್ನು ಕ್ಷಮಿಸಿದ್ದೇನೆ’ ಅಂತ. ಮಗನ ಮುಂದೆ ಆಡಿದ ಮಾತನ್ನು ಮಗನ ಮುಂದೆಯೇ ತಿದ್ದಬೇಕೆಂದು ಕೇಳುವುದರಲ್ಲೂ ತಪ್ಪಿಲ್ಲ, ಇದು ನನ್ನ ಅಭಿಪ್ರಾಯ. ತಪ್ಪು ಯಾವ ಕೋಣೆಯಲ್ಲಿ ಆಯಿತೋ ಅಲ್ಲೇ ಸರಿಯಾಗಲಿ.

ಇನ್ನು ನಿಮ್ಮನ್ನು ಯಾರೂ ಧರ್ಮಕ್ಕೆ ಕರೆಯದ ವಿಷಯ. ಅದರಲ್ಲಿ ತಾತ್ಸಾರವಿಲ್ಲ. ಯೆಹೂದಿಯಾಗದೆ ದೇವರ ಬಳಿ ಸೇರಲಾಗದು ಎಂದು ಅವರು ನಂಬುವುದಿಲ್ಲ. ನೋಹನ ಸಂತತಿಗೆಲ್ಲ, ಅಂದರೆ ಮನುಷ್ಯರಿಗೆಲ್ಲ, ಅನ್ವಯಿಸುವ ಏಳು ಆಜ್ಞೆಗಳಿವೆ: ಕೊಲೆ, ಕಳವು, ವ್ಯಭಿಚಾರ ಮಾಡಬಾರದು, ನ್ಯಾಯಾಲಯ ಇರಬೇಕು, ಹೀಗೆ. ಅವನ್ನು ಪಾಲಿಸುವ ಯಾವ ಜನಾಂಗದ ಸಜ್ಜನರಿಗೂ ಪರಲೋಕದಲ್ಲಿ ಪಾಲಿದೆ. ಹಾಗಿದ್ದ ಮೇಲೆ ಕರೆಯುವ ಅಗತ್ಯವೇನು? ತಾನಾಗಿ ಬಂದವರನ್ನು ತಾಲ್ಮುದಿನ ಪ್ರಕಾರ ಮೊದಲು ಕೇಳುವ ಪ್ರಶ್ನೆ, ‘ಏನು ಕಂಡು ಬಂದೆ? ಈ ಜನ ಇಂದು ತುಳಿತಕ್ಕೊಳಗಾಗಿ, ಅಟ್ಟಾಡಿಸಿಕೊಂಡು ಬದುಕುತ್ತಿರುವುದು ಗೊತ್ತಿಲ್ಲವೇ?’ ಎಂಬುದು. ‘ಗೊತ್ತಿದೆ, ಅದಕ್ಕೂ ನಾನು ಅರ್ಹಳಲ್ಲ’ ಅಂದರೆ ತಕ್ಷಣ ಸ್ವೀಕರಿಸಬೇಕು. ಆಮೇಲೆ ಕೆಲವು ಹಗುರ ಆಜ್ಞೆಗಳನ್ನೂ ಕೆಲವು ಭಾರದವನ್ನೂ ಕಲಿಸಬೇಕು. ಆ ಪಟ್ಟಿಯಲ್ಲಿ ಹೆಸರಿಸಿ ಸೇರಿಸಿರುವುದು, ಕೊಯ್ಲಿನಲ್ಲಿ ಗದ್ದೆಯ ಅಂಚನ್ನೂ ಉದುರಿದ ತೆನೆಯನ್ನೂ ಬಡವರಿಗೆ ಬಿಡಬೇಕೆಂಬ ನಿಯಮ. ಹಾಗೆ ಬಿಟ್ಟ ತೆನೆ ಆಯಲು ಹೋಗಿದ್ದ ಮೋವಾಬಿನ ವಿಧವೆ ರೂತಳು ‘ನಿನ್ನ ಜನ ನನ್ನ ಜನ, ನಿನ್ನ ದೇವರು ನನ್ನ ದೇವರು’ ಎಂದು ಅತ್ತೆಗೆ ಹೇಳಿದವಳೇ. ದಾವೀದ ರಾಜ ಅವಳ ಮರಿಮಗ.

ಮತಾಂತರಕ್ಕೆ ಅವರ ಹೆಸರು ‘ಗಿಯೂರ್’. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಲಿಕೆ, ಮೂವರು ನ್ಯಾಯಾಧೀಶರ ಮುಂದೆ ಒಪ್ಪಿಗೆ, ಗಂಡಸರಿಗೆ ಸುನ್ನತಿ, ಕೊನೆಗೆ ‘ಮಿಕ್ವೆ’ ಎಂಬ ಕೊಳದಲ್ಲಿ ಪೂರ್ತಿ ಮುಳುಗುವುದು. ಆ ಕೊಳಕ್ಕೆ ಮಳೆಯ ಅಥವಾ ಊಟೆಯ ನೀರಿನ ಆಧಾರ ಇರಲೇಬೇಕು. ಇಸ್ರೇಲಿನಲ್ಲಿ ತಾತ್ಕಾಲಿಕ ಕೆಲಸದ ವೀಸಾದಲ್ಲಿರುವವರಿಗೆ ಈ ದಾರಿ ಸುಲಭವಾಗಿ ತೆರೆಯುವುದಿಲ್ಲ ಎಂಬುದನ್ನೂ ತಿಳಿದಿರಿ.

ನಮ್ಮ ಕರಾವಳಿಯಲ್ಲೇ ಇಂಥದ್ದೊಂದು ನಡೆದಿದೆ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ 12ನೆಯ ಶತಮಾನದಲ್ಲಿ ಸುಮಾರು ಹದಿನೇಳು ವರ್ಷ ಮಂಗಳೂರಿನಲ್ಲಿದ್ದ. 1132ರ ಅಕ್ಟೋಬರ್‌ನಲ್ಲಿ ಆಶು ಎಂಬ ದಾಸಿಗೆ ಅವನು ಬಿಡುಗಡೆ ಪತ್ರ ಬರೆದುಕೊಟ್ಟ. ಅದು ಕೈರೋದ ಹಳೆಯ ಸಿನಗಾಗ್ (ಯೆಹೂದಿ ಪ್ರಾರ್ಥನಾಮಂದಿರ) ಒಂದರ ಕಾಗದದ ರಾಶಿಯಲ್ಲಿ ಸಿಕ್ಕಿದೆ. ಯೆಹೂದಿ ನಿಯಮದಲ್ಲಿ ಹಾಗೆ ಬಿಡುಗಡೆಯಾದವಳು ದಾಸ್ಯದಿಂದ ಹೊರಬರುವುದಷ್ಟೇ ಅಲ್ಲ, ಸಮುದಾಯದ ಪೂರ್ಣ ಸದಸ್ಯೆಯಾಗುತ್ತಾಳೆ. ಅವನು ಅವಳನ್ನೇ ಮದುವೆಯಾಗಿ ಮಕ್ಕಳನ್ನು ಪಡೆದ ಎಂದು ವಿದ್ವಾಂಸರು ತಿಳಿಯುತ್ತಾರೆ. ಆಶುವಿನ ಮನಸ್ಸಿನಲ್ಲಿ ಏನಿತ್ತು ಎಂದು ಒಂದು ಸಾಲೂ ಉಳಿದಿಲ್ಲ. ಅದು ನನ್ನನ್ನು ಯಾವಾಗಲೂ ಕಾಡುತ್ತದೆ.

ಈಗ ಶುಕ್ರವಾರದ ಊಟಕ್ಕೆ ಬರೋಣ. ನೀವು ಕುತೂಹಲದಿಂದ ಕೇಳಿದಿರಿ, ನಮ್ಮಲ್ಲಿ ಊರು, ಮನೆತನ ಕೇಳುವ ಹಾಗೆ. ಆದರೆ ಅವರಲ್ಲಿ ಅದು ಕೇಳಬಾರದ ಪ್ರಶ್ನೆ. ಮಿಶ್ನಾದಲ್ಲಿ ವ್ಯಾಪಾರದ ಮೋಸಗಳ ಬಗ್ಗೆ ಒಂದು ಅಧ್ಯಾಯವಿದೆ. ಬೆಲೆಯಲ್ಲಿ ಮೋಸವಿರುವಂತೆ ಮಾತಿನಲ್ಲೂ ಮೋಸವಿದೆ ಎಂದು ಅದು ಹೇಳಿ, ಉದಾಹರಣೆ ಕೊಡುತ್ತದೆ. ಕೊಳ್ಳುವ ಮನಸ್ಸಿಲ್ಲದೆ ಅಂಗಡಿಯವನನ್ನು ಇದಕ್ಕೆಷ್ಟು ಎಂದು ಕೇಳಬಾರದು. ತೆಶುವಾ ಮಾಡಿದವನಿಗೆ ‘ನಿನ್ನ ಹಿಂದಿನದ್ದು ನೆನಪಿದೆಯೇ’ ಅನ್ನಬಾರದು. ಮತಾಂತರವಾದವರ ಮಕ್ಕಳಿಗೆ ‘ನಿಮ್ಮ ಹಿರಿಯರು ಏನು ಮಾಡುತ್ತಿದ್ದರು’ ಎಂದು ನೆನಪಿಸಬಾರದು. ಮರಳಿ ಬಂದವನನ್ನೂ ಹೊಸದಾಗಿ ಬಂದವಳನ್ನೂ ಒಂದೇ ಉಸಿರಿನಲ್ಲಿ ಕಾಪಾಡುವ ಸಾಲು ಅದು. ಇಬ್ಬರೂ ಬಾಗಿಲು ದಾಟಿ ಬಂದವರು, ಹಿಂದಿನ ಬಾಗಿಲನ್ನು ಬೇರೆಯವರು ತೆರೆದು ತೋರಿಸಬಾರದು.

ಒಬದ್ಯ ಎಂಬ ಮತಾಂತರಿ ಒಮ್ಮೆ ರಾಂಬಾಮರಿಗೆ ಪತ್ರ ಬರೆದು, ‘ನಮ್ಮ ಪಿತೃಗಳ ದೇವರೇ’ ಎಂದು ಪ್ರಾರ್ಥನೆಯಲ್ಲಿ ನಾನು ಹೇಳಬಹುದೇ, ನನ್ನ ಪಿತೃಗಳು ಯೆಹೂದಿಗಳಲ್ಲವಲ್ಲ ಎಂದು ಕೇಳಿದ. ಒಂದಕ್ಷರ ಬದಲಿಸದೆ ಹೇಳು, ಅಬ್ರಹಾಮನೇ ನಿನ್ನ ತಂದೆ ಎಂದು ಅವರು ಉತ್ತರಿಸಿದರು. ಅದೇ ಒಬದ್ಯನನ್ನು ಅವನ ಗುರು ಚರ್ಚೆಯೊಂದರಲ್ಲಿ ಮೂರ್ಖ ಎಂದು ಜರೆದಿದ್ದ. ಅದನ್ನು ತಿಳಿದಾಗ ರಾಂಬಾಮ್ ಬರೆದದ್ದು ನಿಮಗೂ ಸಾವ್ತಾಗೂ ಸಂಬಂಧಪಟ್ಟದ್ದು: ನೀನು ಶಿಷ್ಯನಾದರೂ ಅವನು ನಿನ್ನ ಕ್ಷಮೆ ಕೇಳಬೇಕು, ಆಮೇಲೆ ಉಪವಾಸವಿದ್ದು, ಅತ್ತು, ಪ್ರಾರ್ಥಿಸಲಿ, ದೇವರು ಅವನನ್ನು ಕ್ಷಮಿಸಿಯಾನು. ಮೊದಲು ಶಿಷ್ಯ, ಆಮೇಲೆ ದೇವರು.

ಹಾಗಾಗಿ ಈ ಸಲ ನಿಮ್ಮ ಕಡೆಯಿಂದಲೂ ಒಂದು ‘ಸ್ಲಿಖಾ’, ಎಂದರೆ ‘ಕ್ಷಮಿಸಿ’, ಬಾಕಿಯಿದೆ, ಆ ಮೊಮ್ಮಗನ ಹೆಂಡತಿಗೆ. ಬಸ್ಸಿನಲ್ಲಿ ಕಾಲು ತುಳಿದರೆ ಹೇಳುವ ಅದೇ ಪದ ಸಾಕು. ಎಲ್ಲರ ಮುಂದೆ ಬೇಡ, ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಹೇಳಿ. ಇಲ್ಲಿ ಹೆಸರಿಸಿ ವಿವರಿಸಿದರೆ ಆಕೆಗೆ ಮತ್ತೆ ಮುಜುಗರ. ‘ಆವತ್ತು ಕೇಳಬಾರದ್ದು ಕೇಳಿದೆ’ ಎನ್ನುವಷ್ಟು ಸಾಕು.

ಯೋಮ್ ಕಿಪ್ಪುರ್ ದಿನ ಮಧ್ಯಾಹ್ನ ಸಿನಗಾಗ್‌ಗೆ ಸಾವ್ತಾರ ಜೊತೆ ಹೋಗುವುದಾದರೆ ಬೈಬಲಿನ ಪ್ರವಾದಿ ಯೋನನ ಕಥೆ ಓದುವುದು ಕೇಳಿಸುತ್ತದೆ. ಅವನ ಎಚ್ಚರಿಕೆ ಕೇಳಿ ನಿನೆವೆ ಪಟ್ಟಣದ ಜನ ಗೋಣಿತಟ್ಟು ಉಟ್ಟು ಉಪವಾಸ ಮಾಡಿದರಲ್ಲ, ದೇವರು ‘ಅವರ ಗೋಣಿತಟ್ಟನ್ನೂ ಉಪವಾಸವನ್ನೂ ನೋಡಿದ’ ಎಂದು ಅಲ್ಲಿ ಬರೆದಿಲ್ಲ, ‘ಅವರ ಕೃತ್ಯಗಳನ್ನು ನೋಡಿದ’ ಎಂದಿದೆ ಎಂಬುದನ್ನು ಮಿಶ್ನಾ ಎತ್ತಿ ಹೇಳುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಕೊನೆಯ ಪ್ರಾರ್ಥನೆ ‘ನೆಯಿಲಾ’, ಬಾಗಿಲು ಮುಚ್ಚುವುದು ಎಂದರ್ಥ. ಕೊಂಕಣ ತೀರದ ಬೆನೆ ಇಸ್ರೇಲ್ ಯೆಹೂದಿಗಳು, ಬೇರೆ ಯೆಹೂದಿಗಳ ಸಂಪರ್ಕವೇ ಕಡಿದುಹೋಗಿದ್ದ ಕಾಲದಲ್ಲೂ, ಈ ದಿನವನ್ನು ಮರಾಠಿಯಲ್ಲಿ ಬಾಗಿಲು ಮುಚ್ಚುವ ಹಬ್ಬ ಎಂದೇ ಕರೆಯುತ್ತಿದ್ದರು. ಬಿಳಿ ಬಟ್ಟೆ ಉಟ್ಟು, ಕದ ಹಾಕಿಕೊಂಡು, ಉಪವಾಸ ಕೂರುತ್ತಿದ್ದರು. ಮರುದಿನ ಬಡವರಿಗೆ ಕೊಟ್ಟು, ನೆಂಟರಿಷ್ಟರ ಮನೆಗೆ ಹೋಗುತ್ತಿದ್ದರು.

ಕೊನೆಯದಾಗಿ, ನೀವು ಕೇಳದಿದ್ದರೂ ನೋಡಿಕೊಳ್ಳುವವರಾಗಿ ತಿಳಿದಿರಬೇಕಾದ ಒಂದು ವಿಷಯ. ಈ ವಯಸ್ಸಿನಲ್ಲಿ ಸಾವ್ತಾ ಉಪವಾಸಕ್ಕೆ ಹಟ ಹಿಡಿಯಬಹುದು. ಜೀವಕ್ಕೆ ಅಪಾಯವಿದ್ದರೆ ಉಪವಾಸ ಮಾಡಬಾರದು ಎಂಬುದೇ ಅವರ ನಿಯಮ. ವೈದ್ಯರು ತಿನ್ನಬೇಕೆಂದರೆ ತಿನ್ನಲೇಬೇಕು. ವೈದ್ಯರು ಬೇಡವೆಂದು, ರೋಗಿ ಬೇಕೆಂದರೆ, ಆಗಲೂ ರೋಗಿಗೆ ಕೊಡಬೇಕು. ಸ್ವಲ್ಪ ಸ್ವಲ್ಪವಾಗಿ, ನಡುವೆ ಕೆಲವು ನಿಮಿಷ ಬಿಟ್ಟು ನೀರು, ಆಹಾರ ಕೊಡುವ ಕ್ರಮವೂ ಇದೆ, ಅವರ ರಬ್ಬಿ ಅಳತೆ ಹೇಳಿಕೊಡುತ್ತಾರೆ. ಮಾತ್ರೆಗಳ ಪಟ್ಟಿ ಹಿಡಿದು ಈ ವಾರವೇ ವೈದ್ಯರನ್ನು ಕೇಳಿ, ಮಗನಿಗೂ ತಿಳಿಸಿ; ಆ ದಿನ ರಸ್ತೆಯಲ್ಲಿ ವಾಹನಗಳೇ ಇರುವುದಿಲ್ಲ, ಅಂಗಡಿ ಮುಚ್ಚಿರುತ್ತವೆ. ಉಪವಾಸದ ಮುಂಚಿನ ಊಟ ಸೂರ್ಯಾಸ್ತಕ್ಕೆ ಮೊದಲೇ ಮುಗಿಯಬೇಕು, ಆ ಹೊತ್ತಿಗೆ ಮನೆ ತುಂಬ ಜನ ಇರುತ್ತಾರೆ. ಸಾವ್ತಾ ಜೊತೆ ಕೂರುವುದಿದ್ದರೆ ಮಧ್ಯಾಹ್ನವೇ, ಅವರು ನಿದ್ದೆಯಿಂದ ಎದ್ದ ಮೇಲೆ ಕೂತುಕೊಳ್ಳಿ. ಈ ಸಲ ಅವರು ಕೈ ಹಿಡಿದಾಗ ಬೇಗ ಬಿಡಿಸಿಕೊಳ್ಳಬೇಡಿ.